ಏಸಿ ಕರೆಂಟ್ ಇಳಿಸಲು ಹೊಸ ಚಿಲ್ಲರ್ ಬೇಕಾಗಲಿಲ್ಲ

ಬೆಂಗಳೂರಿನ ಒಂದು ಕಚೇರಿ ಕಟ್ಟಡದ ಏಸಿ ಪ್ಲಾಂಟ್ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ ನೋಡಿ ಬೇಸತ್ತ ಮಾಲೀಕರು ಹಳೇ ಚಿಲ್ಲರ್ (ಏಸಿಗೆ ಬೇಕಾದ ನೀರು ತಣ್ಣಗೆ ಮಾಡುವ ಯಂತ್ರ) ತೆಗೆಸಿ ಹೊಸದು ಹಾಕಿಸೋಣ ಅಂದರು. ಅದಕ್ಕೂ ಮೊದಲು ಇರುವ ಯಂತ್ರ ಎಲ್ಲೆಲ್ಲಿ ಸುಮ್ಮನೆ ದುಡಿಯುತ್ತಿದೆ ನೋಡುತ್ತೇನೆ, ಸ್ವಲ್ಪ ಕಾಲ ಕೊಡಿ ಎಂದು ಕೇಳಿಕೊಂಡೆ.

ಶುರು ಮಾಡಿದ್ದು ನೀರಿನ ಪೈಪಿನ ಎರಡು ಥರ್ಮಾಮೀಟರ್‌ಗಳಿಂದ. ಚಿಲ್ಲರ್‌ನಿಂದ 7 ಡಿಗ್ರಿಯಲ್ಲಿ ಹೊರಟ ನೀರು ಮಹಡಿಗಳ ಶಾಖ ಹೀರಿಕೊಂಡು 12ರ ಹತ್ತಿರ ವಾಪಸ್ ಬರಬೇಕು. ನಮ್ಮಲ್ಲಿ 9 ದಾಟುತ್ತಿರಲಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಿದರೆ ಹೊತ್ತು ತರುವುದು ಒಂದು ಕಿಲೋ ಕ್ಯಾಲೊರಿ ಶಾಖ. ಐದು ಡಿಗ್ರಿಯಲ್ಲಿ ಆಗುವ ಕೆಲಸಕ್ಕೆ ಎರಡೇ ಡಿಗ್ರಿ ಸಿಕ್ಕರೆ ಎರಡೂವರೆ ಪಟ್ಟು ನೀರು ತಿರುಗಿಸಬೇಕು. ಎರಡು ಪಂಪ್ ಹಗಲೆಲ್ಲ ಓಡುತ್ತಿದ್ದದ್ದು ಇದಕ್ಕೇ.

ಆ ತಣ್ಣೀರಿನಿಂದ ಗಾಳಿ ತಂಪು ಮಾಡಿ ಮಹಡಿಗೆ ಬೀಸುವ ಯಂತ್ರ ಎಎಚ್‌ಯು. ಒಂದೊಂದೇ ಎಎಚ್‌ಯು ರೂಮಿಗೆ ಹೋಗಿ ನೋಡಿದೆವು. ಮೂರನೇ ಮಹಡಿಯಲ್ಲಿ ನೀರಿನ ವಾಲ್ವ್ ತೆರೆದು ಮುಚ್ಚುವ ಮೋಟಾರ್, ಅಂದರೆ ಆಕ್ಚುಯೇಟರ್, ಗುಂಯ್ ಎನ್ನುತ್ತಾ ತಿರುಗುತ್ತಿತ್ತು, ಅದರ ಕೆಳಗಿನ ವಾಲ್ವ್ ದಂಡ ಮಾತ್ರ ಅಲುಗುತ್ತಿರಲಿಲ್ಲ. ಎರಡನ್ನೂ ಹಿಡಿದಿಡುವ ಸ್ಕ್ರೂ ಸಡಿಲವಾಗಿ ವಾಲ್ವ್ ಪೂರ್ತಿ ತೆರೆದೇ ನಿಂತಿತ್ತು. ನೀರು ಬೇಕಾದ್ದಕ್ಕಿಂತ ಹೆಚ್ಚು ಹರಿದು, ಸರಿಯಾಗಿ ಬಿಸಿಯಾಗದೆ ವಾಪಸಾಗುತ್ತಿತ್ತು. ಕಂಟ್ರೋಲ್ ರೂಮಿನ ಪರದೆಯಲ್ಲಿ ಅದೇ ವಾಲ್ವ್ 30 ಪರ್ಸೆಂಟ್ ತೆರೆದಿದೆ ಎಂದಿತ್ತು. ಪರದೆ ತೋರಿಸುತ್ತಿದ್ದದ್ದು ಕೊಟ್ಟ ಆದೇಶವನ್ನು, ವಾಲ್ವಿನ ಸ್ಥಿತಿಯನ್ನಲ್ಲ. ಪೈಪ್ ಮುಟ್ಟಿ ನೋಡದೆ ಪರದೆಯನ್ನು ನಂಬಬೇಡಿ ಎಂದು ನಮ್ಮ ಹುಡುಗರಿಗೆ ಈಗಲೂ ಹೇಳುತ್ತಿರುತ್ತೇನೆ. ಇಂಥ ವಾಲ್ವ್‌ಗಳು ಬೇರೆ ಮಹಡಿಗಳಲ್ಲೂ ಸಿಕ್ಕವು. ಸರಿಪಡಿಸಿದ ಮೇಲೆ ವಾಪಸ್ ಬರುವ ನೀರು 11 ದಾಟಿತು, ಒಂದು ಪಂಪ್ ನಿಂತಿತು.

ಎಎಚ್‌ಯು ಫ್ಯಾನ್‌ಗಳಿಗೆ ವೇಗ ಏರಿಳಿಸುವ ವಿಎಫ್‌ಡಿ ಇತ್ತು, ಆದರೆ ಎಲ್ಲವೂ ಮ್ಯಾನುಯಲ್‌ನಲ್ಲಿ ಪೂರ್ತಿ ವೇಗದ 50 ಹರ್ಟ್ಸ್‌ಗೇ ನಿಂತಿದ್ದವು. ಫ್ಯಾನ್ ಎಳೆಯುವ ಕರೆಂಟ್ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 40 ಹರ್ಟ್ಸ್‌ಗೆ ಇಳಿಸಿದರೆ ಗಾಳಿ ಐದರಲ್ಲಿ ಒಂದು ಪಾಲು ಕಡಿಮೆ, ಕರೆಂಟ್ ಹೆಚ್ಚುಕಡಿಮೆ ಅರ್ಧ. ಈ ಕಸುಬಿನಲ್ಲಿ ಇಷ್ಟು ಸುಲಭದ ಉಳಿತಾಯ ನಾನು ಇನ್ನೊಂದು ಕಂಡಿಲ್ಲ.

ಕಷ್ಟವಾದದ್ದು ಕೋಣೆಯ ತಾಪಮಾನ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ವಿದ್ಯುತ್ ಉಳಿಯುತ್ತದೆ, 24ಕ್ಕೆ ಇಡಿ ಎಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 22ರಿಂದ 24ಕ್ಕೆ ತಂದೆವು. ಅಕೌಂಟ್ಸ್ ವಿಭಾಗದಿಂದ ತಕ್ಷಣ ದೂರು ಬಂತು: "ಸಾರ್, ಆ ಕಡೆಯವರಿಗೆ ಸೆಖೆ, ನಮಗೆ ಚಳಿ. ಇದೇನು ಲೆಕ್ಕ?" ಹೋಗಿ ನೋಡಿದರೆ ಅವರ ಕಡೆಯ ಸೆನ್ಸರ್ ಜೆರಾಕ್ಸ್ ಮಷೀನಿನ ನೆತ್ತಿಯ ಮೇಲಿತ್ತು. ಮಷೀನಿನ ಬಿಸಿಯನ್ನೇ ಕೋಣೆಯ ಬಿಸಿ ಎಂದು ಓದಿ, ಸುತ್ತ ಕೂತವರ ಮೇಲೆ ತಣ್ಣನೆ ಗಾಳಿ ಸುರಿಸುತ್ತಿತ್ತು. ಸೆನ್ಸರನ್ನು ಪಕ್ಕದ ಕಂಬಕ್ಕೆ ಸರಿಸಿದೆವು. ಆ ಮೇಲೆ 24ರ ಬಗ್ಗೆ ತಕರಾರು ಬರಲಿಲ್ಲ. ಜನ ಏಸಿ ತಣ್ಣಗೆ ಮಾಡಿ ಎಂದಾಗ ಅವರನ್ನು ದೂರುವ ಮೊದಲು ಸೆನ್ಸರ್ ಎಲ್ಲಿದೆ ನೋಡುವುದು ಒಳ್ಳೆಯದು.

ಬೆಂಗಳೂರಿಗೆ ಹವೆಯ ವರವೂ ಇದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಹೊರಗಿನ ಗಾಳಿಯೇ 20 ಡಿಗ್ರಿಗಿಂತ ತಂಪಾಗಿರುತ್ತದೆ. ಹೊರಗಾಳಿ ಒಳಬಿಡುವ ಬಾಗಿಲುಗಳಾದ ಫ್ರೆಶ್ ಏರ್ ಡ್ಯಾಂಪರ್‌ಗಳ ತುಕ್ಕು ಬಿಡಿಸಿ ತೆರೆದಿಟ್ಟು, ಬಿಸಿಲೇರುವವರೆಗೆ ಚಿಲ್ಲರ್ ಹಚ್ಚುವುದನ್ನೇ ಮುಂದೂಡಿದೆವು. ಮಂಗಳೂರಿನ ತೇವದ ಗಾಳಿಗೆ ಈ ಉಪಾಯ ನಡೆಯದು. ಬೆಂಗಳೂರಿನ ಆ ಒಣ ತಿಂಗಳುಗಳಲ್ಲಿ ಚಿಲ್ಲರ್ ನೀರನ್ನೂ 7ರ ಬದಲು 9ಕ್ಕೆ ಏರಿಸುತ್ತೇವೆ. ಮಳೆಗಾಲದಲ್ಲಿ ಮಾತ್ರ ಏರಿಸುವುದಿಲ್ಲ. ನೀರು ಅಷ್ಟು ತಣ್ಣಗಿಲ್ಲದಿದ್ದರೆ ಎಎಚ್‌ಯು ಒಳಗಿನ ಕಾಯಿಲ್ (ತಣ್ಣೀರು ಹರಿಯುವ ಕೊಳವೆ ಸುರುಳಿ) ಗಾಳಿಯ ತೇವ ಹಿಂಡುವುದಿಲ್ಲ, ಕೋಣೆಯೆಲ್ಲ ಮುಗ್ಗಲು ವಾಸನೆ.

ಉಳಿದಿರುವುದು ಪಶ್ಚಿಮದ ಗಾಜಿನ ಗೋಡೆ. ಒಳಗೆ ಪರದೆ ಕಟ್ಟಿದರೆ ಹೆಚ್ಚೇನೂ ಆಗದು, ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಒಳಗೆ ಬಂದಿರುತ್ತದೆ. ಹೊರಗಡೆಯೇ ನೆರಳಿನ ಪಟ್ಟಿ ಹಾಕಿಸಬೇಕು. ಅದರ ಅಂದಾಜು ಪಟ್ಟಿ ಮಾಲೀಕರ ಮೇಜಿಗೆ ಹೋಗಿದೆ. ಮಾರ್ಚ್ ಬಿಸಿಲಿಗೆ ಮೊದಲೇ ಕೆಲಸ ಮುಗಿಸಿಕೊಡಿ ಎಂದು ಕೇಳಿದ್ದೇನೆ.