ಹಳೆಯ ಷೆವರ್ಲೆ ಎಂಜಿನ್ನಿಗೆ ಓವರ್‌ಹೆಡ್ ಕ್ಯಾಮ್: ನನ್ನ ಅನುಭವ

1954ರ ಷೆವರ್ಲೆ ಕಾರಿನ 235 ಘನ ಇಂಚಿನ, ಅಂದರೆ ಸುಮಾರು 3.85 ಲೀಟರಿನ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ. ವಾಲ್ವುಗಳನ್ನು ತೆರೆಯುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಕೆಳಗೆ ಸಿಲಿಂಡರುಗಳಿರುವ ಬ್ಲಾಕಿನ ಮಗ್ಗುಲಲ್ಲಿ ತಿರುಗುತ್ತದೆ. ಅದರ ಚಲನೆ ಉಬ್ಬಿನ ಮೇಲೆ ಕೂರುವ ಟ್ಯಾಪೆಟ್, ಉದ್ದನೆಯ ಪುಶ್‌ರಾಡ್ ಸಲಾಕೆ, ತಕ್ಕಡಿಯಂತೆ ತೂಗುವ ರಾಕರ್ ಇಷ್ಟನ್ನೂ ದಾಟಿ ವಾಲ್ವನ್ನು ಮುಟ್ಟಬೇಕು. ವೇಗ ಏರಿದಂತೆ ಪುಶ್‌ರಾಡ್ ಬಾಗುತ್ತದೆ, ಇಷ್ಟೂ ಭಾಗಗಳ ಭಾರವನ್ನು ಹಿಂದಕ್ಕೆ ತಳ್ಳಬೇಕಾದ ಸ್ಪ್ರಿಂಗ್ ಸೋಲತೊಡಗುತ್ತದೆ, ವಾಲ್ವ್ ಕ್ಯಾಮಿನ ಹಿಡಿತ ತಪ್ಪುತ್ತದೆ. ಈ ನಡುವಣ ಭಾಗಗಳನ್ನು ತೆಗೆದು ವಾಲ್ವುಗಳ ನೆತ್ತಿಯ ಮೇಲೆಯೇ ಕ್ಯಾಮ್ ಕೂರಿಸುವುದು, ಅಂದರೆ ಓವರ್‌ಹೆಡ್ ಕ್ಯಾಮ್ ಮಾಡುವುದು, ನಾನು ಮೈಸೂರಿನಲ್ಲಿ ಕೈಗೊಂಡ ಕೆಲಸ. 1966ರಲ್ಲಿ ಪಾಂಟಿಯಾಕ್ ಕಂಪನಿ ಷೆವರ್ಲೆಯದೇ ಹೊಸ ಪೀಳಿಗೆಯ ಆರು ಸಿಲಿಂಡರ್ ಎಂಜಿನ್ನನ್ನು ಆಧಾರವಾಗಿಟ್ಟುಕೊಂಡು, ಅಲ್ಯೂಮಿನಿಯಂ ಕವಚದೊಳಗೆ ಕ್ಯಾಮ್ ಇಟ್ಟು ಅದನ್ನು ಹಲ್ಲಿನ ಬೆಲ್ಟಿನಿಂದ ತಿರುಗಿಸಿತ್ತು. ನನಗೆ ದಾರಿ ತೋರಿಸಿದ್ದು ಆ ವಿನ್ಯಾಸ.

ಮೊದಲೇ ಒಂದು ನಿಯಮ ಹಾಕಿಕೊಂಡೆ: ಬ್ಲಾಕಿಗೆ ಉಳಿ, ಡ್ರಿಲ್ಲು ಯಾವುದೂ ತಾಗಬಾರದು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಕೊರೆದಿರುವುದು ಅದರ ಮೇಲೆ. ಮೇಲಾಗಿ ಇಂಥ ಬ್ಲಾಕ್ ಒಡೆದರೆ ಇನ್ನೊಂದು ನಮ್ಮ ಊರಿನ ಗುಜರಿಯಲ್ಲಿ ಸಿಗುವುದಿಲ್ಲ. ಜಾವಾ ಕಾರ್ಖಾನೆಯಲ್ಲಿ ದುಡಿದು, ಅದು 1996ರಲ್ಲಿ ಮುಚ್ಚಿದ ಮೇಲೆ ಸ್ವಂತ ಲೇಥ್ ಹಾಕಿಕೊಂಡಿರುವ ಹಿರಿಯ ಫಿಟ್ಟರೊಬ್ಬರು ನಕ್ಷೆ ನೋಡಿ, “ಹಳೇ ಕ್ಯಾಮ್ ಯಾಕೆ ತೆಗೀತೀರಿ ಸಾರ್? ಅದು ಅಲ್ಲೇ ತಿರುಗ್ಲಿ, ನಮಗೆ ಬೇಕಾದ್ದನ್ನ ಅದರ ಮೂತಿಯಿಂದ ತಗೊಳ್ಳೋಣ” ಎಂದರು. ಇಡೀ ಕೆಲಸದ ಬುನಾದಿ ಈ ಮಾತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಆಯಿಲ್ ಪಂಪ್, ಪೆಟ್ರೋಲ್ ಪಂಪ್ ಮೂರೂ ಹಳೆಯ ಕ್ಯಾಮಿನಿಂದಲೇ ನಡೆಯುವುದರಿಂದ ಅದನ್ನು ಉಳಿಸಿಕೊಂಡರೆ ಯಾವುದನ್ನೂ ಜಾಗ ಬದಲಿಸಬೇಕಾಗಿಲ್ಲ. ಅಲ್ಲದೆ ಅದು ಈಗಾಗಲೇ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ, ಅರ್ಧ ವೇಗದಲ್ಲಿ ತಿರುಗುತ್ತಿರುತ್ತದೆ. ಹಾಗಾಗಿ ಕೆಳಗೂ ಮೇಲೂ ಒಂದೇ ಹಲ್ಲೆಣಿಕೆಯ ಪುಲ್ಲಿಗಳು ಸಾಕಾಗುತ್ತವೆ. ಕ್ರ್ಯಾಂಕಿನಿಂದ ನೇರವಾಗಿ ಬೆಲ್ಟ್ ಎಳೆದಿದ್ದರೆ ಮೇಲಿನ ಪುಲ್ಲಿ ಎರಡರಷ್ಟು ದೊಡ್ಡದಾಗಿ ಬಾನೆಟ್ಟಿಗೆ ತಾಗುತ್ತಿತ್ತು. ಹಳೆಯ ಕ್ಯಾಮಿನ ಮೂತಿಗೆ ಒಂದು ಶಾಫ್ಟ್ ಜೋಡಿಸಿ, ಟೈಮಿಂಗ್ ಕವರಿನಲ್ಲಿ ಆಯಿಲ್ ಸೀಲ್ ಕೂರಿಸಿ ಹೊರತಂದೆವು. ಬೆಲ್ಟಿಗೆ ಎಣ್ಣೆ ತಾಗಬಾರದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಎಂಜಿನ್ನಿನಲ್ಲಿ ಗೇರಿಗೆ ಗೇರು ನೇರವಾಗಿ ಕಚ್ಚಿಕೊಂಡಿರುವುದರಿಂದ ಹಳೆಯ ಕ್ಯಾಮ್ ಕ್ರ್ಯಾಂಕಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಬೆಲ್ಟ್ ಆ ದಿಕ್ಕನ್ನು ಬದಲಿಸದ ಕಾರಣ ಮೇಲಿನ ಕ್ಯಾಮೂ ಹಾಗೆಯೇ ತಿರುಗುತ್ತದೆ. 1-5-3-6-2-4 ಎಂಬ ಫೈರಿಂಗ್ ಕ್ರಮದಲ್ಲಿ, ಅಂದರೆ ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿಯಲ್ಲಿ, ಒಂದು ಸಿಲಿಂಡರಿನ ಲೋಬಿಗೂ (ಕ್ಯಾಮಿನ ಉಬ್ಬಿಗೂ) ಮುಂದಿನದಕ್ಕೂ 60 ಡಿಗ್ರಿ ಅಂತರ ಬರಬೇಕು. ಆ 60 ಡಿಗ್ರಿಯನ್ನು ಯಾವ ಕಡೆಗೆ ಎಣಿಸಬೇಕೆಂಬುದನ್ನು ಈ ದಿಕ್ಕು ತೀರ್ಮಾನಿಸುತ್ತದೆ. ಗ್ರೈಂಡಿಂಗ್‌ಗೆ ಕೊಡುವ ಮೊದಲು ಇದನ್ನು ನಕ್ಷೆಯ ಮೇಲೆ ದೊಡ್ಡ ಬಾಣ ಹಾಕಿ ಬರೆದುಕೊಟ್ಟೆ.

ಹಳೆಯ ಲೋಬಿನ ಅಳತೆಯನ್ನು ಹಾಗೆಯೇ ನಕಲು ಮಾಡುವಂತಿಲ್ಲ. ರಾಕರ್ ಅದರ ಎತ್ತರವನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಿ ವಾಲ್ವಿಗೆ ಕೊಡುತ್ತಿತ್ತು; ವಾಲ್ವಿನ ತುದಿಯ ಮೇಲೆ ಮಗುಚಿದ ಬಟ್ಟಲಿನಂತೆ ಕೂರುವ ಬಕೆಟ್ ಟ್ಯಾಪೆಟ್ಟನ್ನು ನೇರವಾಗಿ ಒತ್ತುವಾಗ ಲೋಬು ಎಷ್ಟು ಎತ್ತರವೋ ವಾಲ್ವ್ ಅಷ್ಟೇ ತೆರೆಯುತ್ತದೆ. ಲೋಬು ಎತ್ತರವಾದಷ್ಟೂ ಅದರ ಇಳಿಜಾರು ಕಡಿದಾಗುತ್ತದೆ, ಒತ್ತುವ ಬಿಂದು ಬಕೆಟ್ಟಿನ ಅಂಚಿನತ್ತ ಜಾರುತ್ತದೆ. ಬಕೆಟ್ಟಿನ ವ್ಯಾಸ 32 ಮಿಲಿಮೀಟರ್ ಆಗಿದ್ದರೆ ವಾಲ್ವಿನ ಗತಿ ಕ್ಯಾಮಿನ ಒಂದು ರೇಡಿಯನ್ ತಿರುಗುವಿಕೆಗೆ 16 ಮಿಲಿಮೀಟರಿಗಿಂತ ಕಡಿಮೆಯೇ ಇರಬೇಕು. ಮೀರಿದರೆ ಲೋಬು ಬಕೆಟ್ಟಿನ ಅಂಚನ್ನು ಕೆರೆಯುತ್ತದೆ. ಹಾಗಾಗಿ ಮೊದಲು ಬಕೆಟ್ಟನ್ನು ಆರಿಸಿ, ಆಮೇಲೆ ಲೋಬಿನ ಆಕಾರ ಬರೆದೆ.

ಕ್ಯಾಮನ್ನು ಹೊರುವ ಅಲ್ಯೂಮಿನಿಯಂ ಕ್ಯಾರಿಯರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 600 ಮಿಲಿಮೀಟರ್ ಉದ್ದದ ಕ್ಯಾರಿಯರ್ 70 ಡಿಗ್ರಿ ಬಿಸಿಯೇರಿದರೆ ಕೆಳಗಿನ ಕಬ್ಬಿಣದ ಹೆಡ್ಡಿಗಿಂತ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕಿಂತ) ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ಹೆಚ್ಚು ಉದ್ದವಾಗುತ್ತದೆ. ಎರಡೂ ತುದಿಗಳಲ್ಲಿ ಡೋವೆಲ್, ಅಂದರೆ ಕದಲದಂತೆ ಹಿಡಿಯುವ ಪಿನ್ನು, ಹಾಕಿ ಬಿಗಿದರೆ ಅದು ಕಮಾನಿನಂತೆ ಏಳುತ್ತದೆ, ಬೇರಿಂಗುಗಳ ಸಾಲು ಕೆಡುತ್ತದೆ, ಕ್ಯಾಮ್ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಕ್ಯಾರಿಯರನ್ನು ಮೂರು ತುಂಡುಗಳಾಗಿ ಎರಕ ಹೊಯ್ಯಿಸಿ, ಪ್ರತಿ ತುಂಡಿನ ನಟ್ಟನಡುವಿನಲ್ಲಿ ಮಾತ್ರ ಡೋವೆಲ್ ಇಟ್ಟು, ಉಳಿದ ಬೋಲ್ಟುಗಳ ತೂತುಗಳಿಗೆ ಸಡಿಲ ಬಿಟ್ಟೆ. ಮೂರನ್ನೂ ಹೆಡ್ಡಿನ ಮೇಲೆ ಬಿಗಿದ ಮೇಲೆಯೇ ಬೇರಿಂಗ್ ಕುಳಿಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಕೊರೆಯಬೇಕಿತ್ತು. ಅಷ್ಟುದ್ದದ ಬೋರಿಂಗ್ ಮಷಿನ್ ಸಿಕ್ಕಿದ್ದು ಮಂಡ್ಯದಲ್ಲಿ, ಕಬ್ಬಿನ ಗಾಣದ ರೋಲರುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ. ಆಲೆಮನೆಗಳ ಕೆಲಸಕ್ಕೆ ಪಳಗಿದ ಆ ಕೈಗಳ ನಿಖರತೆಯನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ಅದೇ ಹಿಗ್ಗುವಿಕೆ ಲೋಬಿಗೂ ಬಕೆಟ್ಟಿಗೂ ನಡುವೆ ಬಿಡುವ ವಾಲ್ವ್ ಗ್ಯಾಪಿನ ಮೇಲೂ ಪರಿಣಾಮ ಬೀರುತ್ತದೆ. ಕ್ಯಾರಿಯರ್ ಬಿಸಿಯಾಗಿ ಕ್ಯಾಮನ್ನು ಮೇಲೆತ್ತುವುದರಿಂದ ಗ್ಯಾಪ್ ಹೆಚ್ಚುತ್ತದೆ, ಎಗ್ಜಾಸ್ಟ್ ವಾಲ್ವಿನ ಕಾಂಡ ಉದ್ದವಾಗುವುದರಿಂದ ಕಡಿಮೆಯಾಗುತ್ತದೆ. ಇವೆರಡರಲ್ಲಿ ಯಾವುದು ಗೆಲ್ಲುತ್ತದೆಂದು ಕಾಗದದ ಮೇಲೆ ನಂಬಬಾರದು. ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಫೀಲರ್ ಗೇಜಿನಿಂದ ಅಳೆದು, ತಣಿದ ಮೇಲೆ ಮತ್ತೆ ಅಳೆದು, ಎರಡರ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು ಗ್ಯಾಪ್ ಹೊಂದಿಸುವ ತೆಳು ಬಿಲ್ಲೆ, ಅಂದರೆ ಶಿಮ್, ಹಾಕಿದೆ. ಮೇಲಿನ ಬೇರಿಂಗುಗಳಿಗೆ ರಾಕರಿನ ಹಳೆಯ ಎಣ್ಣೆ ಕೊಳವೆ ಸಾಲದು; ಬ್ಲಾಕಿನೊಳಗಿನ ಮುಖ್ಯ ಎಣ್ಣೆ ದಾರಿಯಾದ ಗ್ಯಾಲರಿಯಲ್ಲಿ ಮೊದಲೇ ಇದ್ದ ಪ್ಲಗ್ಗಿನ ಜಾಗದಿಂದ ಬೇರೆ ಕೊಳವೆ ತಂದು, ಕ್ರ್ಯಾಂಕಿನ ಬೇರಿಂಗುಗಳಿಗೆ ಎಣ್ಣೆ ಕೊರತೆಯಾಗದಂತೆ ಕಿರಿದಾದ ಜೆಟ್ ಇಟ್ಟೆ.

ಇದರಿಂದ ಶಕ್ತಿ ಬಹಳ ಹೆಚ್ಚುತ್ತದೆಂದು ಯಾರೂ ನಿರೀಕ್ಷಿಸಬಾರದು. ಈ ಹೆಡ್ಡಿನಲ್ಲಿ ಎರಡೆರಡು ಸಿಲಿಂಡರುಗಳು ಒಂದೇ ಇನ್‌ಟೇಕ್ ದಾರಿಯನ್ನು ಹಂಚಿಕೊಳ್ಳುತ್ತವೆ, ಕ್ಯಾಮ್ ಎಲ್ಲಿದ್ದರೂ ಆ ಇಕ್ಕಟ್ಟು ಹೋಗುವುದಿಲ್ಲ. ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲ ಸಾಗುವ ದೂರ, 100 ಮಿಲಿಮೀಟರ್ ಇರುವುದರಿಂದ 4500 ಆರ್‌ಪಿಎಂನಲ್ಲಿಯೇ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್ ಮುಟ್ಟುತ್ತದೆ; ನಾನು ಅದನ್ನು ಮೀರಿಸುವುದಿಲ್ಲ. ದೊರೆತ ಲಾಭವೆಂದರೆ ಆ ಮಿತಿಯವರೆಗೂ ವಾಲ್ವುಗಳು ಕ್ಯಾಮ್ ಹೇಳಿದಂತೆ ಕೇಳುತ್ತವೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುವಾಗ ಮೊದಲಿದ್ದ ಕಟಕಟ ಸದ್ದು ಈಗ ಇಲ್ಲ. ಬೆಲ್ಟ್ ಕಡಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದಾದ್ದರಿಂದ ಅದರ ಕವರಿನಲ್ಲಿ ಕಿಂಡಿಯೊಂದನ್ನು ಬಿಟ್ಟಿದ್ದೇನೆ; ಪ್ರತಿ ಬಾರಿ ಎಣ್ಣೆ ಬದಲಿಸುವಾಗ ಅದರೊಳಗಿಂದ ಹಲ್ಲುಗಳನ್ನೂ ಬಿಗಿತವನ್ನೂ ಪರೀಕ್ಷಿಸುತ್ತೇನೆ.