ತೈಲ ಬಾವಿ ಮಡ್ ಕುಡಿಯತೊಡಗಿದಾಗ ನಾನು ಮಾಡುವ ಕೆಲಸ

ಗದ್ದೆಯ ಬದುವಿನಲ್ಲಿ ಏಡಿ ಬಿಲ ಬಿದ್ದರೆ ಮಂಡ್ಯ ಕಡೆಯ ರೈತ ನೀರು ಹೊರಬೀಳುವ ಜಾಗಕ್ಕೆ ಮಣ್ಣು ಮೆತ್ತುವುದಿಲ್ಲ. ಮೆತ್ತಿದರೆ ಒಳಗಿನ ನೀರು ಅದನ್ನು ಸ್ವಲ್ಪ ಹೊತ್ತಿನಲ್ಲೇ ದಬ್ಬಿಹಾಕುತ್ತದೆ. ಅವನು ನೀರು ನಿಂತ ಕಡೆ ಕೈಯಾಡಿಸಿ ಬಿಲದ ಬಾಯಿ ಹುಡುಕುತ್ತಾನೆ, ಹುಲ್ಲು ಸುತ್ತಿ ಒಳಕ್ಕೆ ತುರುಕುತ್ತಾನೆ, ಮೇಲೆ ಜಿಗಟು ಮಣ್ಣು ಹಾಕಿ ತುಳಿಯುತ್ತಾನೆ. ಹುಲ್ಲು ಅಡ್ಡ ನಿಲ್ಲುತ್ತದೆ, ಮಣ್ಣು ಸಂದು ಮುಚ್ಚುತ್ತದೆ, ನೀರಿನ ಒತ್ತಡವೇ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ತೈಲ ಬಾವಿ ಕೊರೆಯುವಾಗ ಪೈಪಿನೊಳಗೆ ಇಳಿಸಿ ಹೊರಬದಿಯಿಂದ ವಾಪಸ್ ಪಡೆಯುವ ಕೆಸರಿನಂಥ ದ್ರವವೇ ಮಡ್; ಅದು ನೆಲದೊಳಗೆ ಸೋರಿಹೋಗುವ ನಷ್ಟ ತಡೆಯುವ ಲೆಕ್ಕವೂ ಇದೇ. ಬಿಲ ಎಲ್ಲಿದೆ, ಎಷ್ಟು ಅಗಲವಿದೆ ಎಂದು ತಿಳಿಯದೆ ಮೂಟೆಗಟ್ಟಲೆ ಸಾಮಾನು ಸುರಿದರೆ ಅದೂ ಮಡ್ ಜೊತೆ ಹೋಗುತ್ತದೆ.

ನಮ್ಮ ಮೈಸೂರು, ಮಂಡ್ಯದ ಅಡಿಯಲ್ಲಿರುವುದು ಗಟ್ಟಿ ನೈಸ್ ಕಲ್ಲು, ಎಣ್ಣೆ ಹಿಡಿದಿಡುವ ಪದರಗಳಲ್ಲ. ಮಡ್ ಎಂಜಿನಿಯರ್ ಕೆಲಸವಿರುವುದು ಇದೇ ಕಾವೇರಿ ಸಮುದ್ರ ಸೇರುವ ಕಡೆಯ ಕೊಳ್ಳದಲ್ಲಿ, ಕೃಷ್ಣಾ-ಗೋದಾವರಿಯಲ್ಲಿ, ಖಂಭಾತ್‌ನಲ್ಲಿ, ಅಸ್ಸಾಂನಲ್ಲಿ, 1974ರಲ್ಲಿ ಎಣ್ಣೆ ಸಿಕ್ಕ ಮುಂಬೈ ಹೈನ ಸುಣ್ಣಕಲ್ಲಿನಲ್ಲಿ. ಊರಿಗೆ ಬಂದಾಗ ಡಿಪ್ಲೊಮಾ ಮುಗಿಸಿದ ಹುಡುಗರು ಕೇಳುವ ಮೊದಲ ಪ್ರಶ್ನೆ, "ಸಾರ್, ಲಾಸ್ ಆದ್ರೆ ಏನ್ ಹಾಕ್ತೀರ?" ಹಾಕುವುದು ಆಮೇಲಿನ ಮಾತು.

ಪಿಟ್ (ಮೇಲಿರುವ ಮಡ್ ಟ್ಯಾಂಕ್) ಮಟ್ಟ ಇಳಿದ ಕೂಡಲೇ ಅದು ನೆಲದೊಳಗಿನ ನಷ್ಟ ಎಂದುಕೊಳ್ಳಬಾರದು. ಪಿಟ್ ವಾಲ್ವ್ ಸರಿಯಾಗಿ ಮುಚ್ಚದೆ ಪಕ್ಕದ ಟ್ಯಾಂಕಿಗೆ ಹೋಗಿರಬಹುದು, ಕಲ್ಲುಪುಡಿ ಸೋಸುವ ಶೇಕರ್ ಜಾಲರಿಯ ಮೇಲೆ ಮಡ್ ಹರಿದು ಹೊರಗೆ ಬೀಳುತ್ತಿರಬಹುದು, ಸೆಂಟ್ರಿಫ್ಯೂಜ್ ಎಳೆದುಹಾಕುತ್ತಿರಬಹುದು. ಕೊರೆದ ರಂಧ್ರವನ್ನು ತುಂಬಲಿಕ್ಕೂ ಮಡ್ ಬೇಕು: 12¼ ಇಂಚಿನ ರಂಧ್ರಕ್ಕೆ ಪ್ರತಿ 100 ಅಡಿಗೆ ಸುಮಾರು 14.6 ಬ್ಯಾರೆಲ್. ಇವನ್ನೆಲ್ಲ ಕಳೆದು ಉಳಿದದ್ದೇ ನಿಜವಾದ ನಷ್ಟ. ಗಂಟೆಗೆ 10 ಬ್ಯಾರೆಲ್‌ವರೆಗೆ ಇದ್ದರೆ ನಾನು ಅದನ್ನು ಜಿನುಗು ಎನ್ನುತ್ತೇನೆ. 10ರಿಂದ 100 ಆದರೆ ಭಾಗಶಃ. ಅದಕ್ಕೂ ಮೇಲೆ ತೀವ್ರ. ಮಡ್ ವಾಪಸ್ ಬರುವ ಫ್ಲೋಲೈನಿನಲ್ಲಿ ಏನೂ ಬರದಿದ್ದರೆ ಪೂರ್ತಿ ನಷ್ಟ.

ನಷ್ಟ ಶುರುವಾದ ರೀತಿಯೇ ಕಾರಣ ಹೇಳುತ್ತದೆ. ನಿಧಾನವಾಗಿ ಏರುತ್ತಾ ಹೋದರೆ ಸಡಿಲ ಮರಳು, ಜಲ್ಲಿ. ಕೊರೆಯುತ್ತಿರುವಾಗಲೇ ಬಿಟ್ (ಕೊರೆಯುವ ತುದಿ) ಅಡಿಯಲ್ಲಿ ಥಟ್ಟನೆ ಹೋದರೆ ಮೊದಲೇ ಇದ್ದ ಬಿರುಕು. ಬಿಟ್ ಒಂದೆರಡು ಅಡಿ ಧೊಪ್ಪನೆ ಇಳಿದು ರಿಟರ್ನ್ (ವಾಪಸ್ ಬರುವ ಮಡ್) ನಿಂತರೆ ಸುಣ್ಣಕಲ್ಲಿನ ಪೊಟರೆ. ಮಡ್ ತೂಕ ಏರಿಸಿದ ಮೇಲೆ, ಪೈಪು ಬೇಗ ಇಳಿಸಿದಾಗ, ಪಂಪ್ ಒಮ್ಮೆಲೇ ಚಾಲೂ ಮಾಡಿದಾಗ ಶುರುವಾದರೆ ಬಿರುಕು ಮಾಡಿದವರು ನಾವೇ. ಈ ಕೊನೆಯದು ಎಲ್ಲರೂ ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು ಸಲ ಆಗುತ್ತದೆ. ಆಗ ಜಾಗ ಬಿಟ್ ಅಡಿಯಲ್ಲೇ ಇರಬೇಕಿಲ್ಲ. ಎಷ್ಟೋ ಸಲ ಮೇಲೆ, ಬಾವಿಗೆ ಇಳಿಸಿದ ಉಕ್ಕಿನ ಕೊಳವೆಯ ಕೆಳತುದಿ, ಅಂದರೆ ಕೇಸಿಂಗ್ ಶೂ ಹತ್ತಿರ ಇರುತ್ತದೆ.

ಇಲ್ಲಿ ಲೆಕ್ಕ ಬರಬೇಕು. ಬಾವಿಯ ಲಂಬ ಆಳ 8,000 ಅಡಿ, ಮಡ್ ಗ್ಯಾಲನ್‌ಗೆ 10 ಪೌಂಡ್ ಎಂದುಕೊಳ್ಳಿ. ನಿಂತ ಮಡ್‌ನ ಒತ್ತಡ 0.052 × 10 × 8,000 = 4,160 ಪಿಎಸ್‌ಐ. ಪಂಪ್ ಓಡುವಾಗ ಅನ್ಯುಲಸ್‌ನಲ್ಲಿ (ಪೈಪಿಗೂ ಬಾವಿಯ ಗೋಡೆಗೂ ನಡುವಿನ ಸಂದಿನಲ್ಲಿ) ಉಜ್ಜುವಿಕೆಯಿಂದ ಇನ್ನೂ 200 ಪಿಎಸ್‌ಐ ಸೇರಿದರೆ ತಳಕ್ಕೆ ಅದು 10.48 ಪೌಂಡ್ ಮಡ್‌ನ ಭಾರ. ಹರಿಯುವಾಗಿನ ಈ ಸಮಾನ ತೂಕವನ್ನೇ ಇಸಿಡಿ ಎನ್ನುವುದು. ಪದರ 10.3ಕ್ಕೆ ಬಿರಿಯುವುದಾದರೆ ಪಂಪ್ ನಿಂತಾಗ ನಷ್ಟವಿಲ್ಲ, ಓಡಿದಾಗ ಉಂಟು. ಅಲ್ಲಿಗೆ ಮೊದಲ ಮದ್ದು ಮೂಟೆಯಲ್ಲಿಲ್ಲ. ಪಂಪ್ ತಗ್ಗಿಸುವುದು, ಮಡ್‌ನ ಮಂದ ಇಳಿಸುವುದು, ಕೊರೆಯುವ ವೇಗ ಕಡಿಮೆ ಮಾಡಿ ಅನ್ಯುಲಸ್‌ನಲ್ಲಿ ಕಲ್ಲುಪುಡಿಯ ಭಾರ ಇಳಿಸುವುದು. ಅರ್ಧದಷ್ಟು ಜಿನುಗುಗಳು ನನ್ನ ಕೈಯಲ್ಲಿ ಇಷ್ಟಕ್ಕೇ ನಿಂತಿವೆ.

ರಿಟರ್ನ್ ಪೂರ್ತಿ ಹೋದರೆ ಕ್ರಮ ಬೇರೆ. ಬಿಟ್ ಅನ್ನು ತಳದಿಂದ ಎತ್ತಿ, ಪಂಪ್ ನಿಲ್ಲಿಸಿ, ಪೈಪು ಆಡಿಸುತ್ತಾ ಅನ್ಯುಲಸ್‌ಗೆ ಮೇಲಿನಿಂದ ನೀರು ತುಂಬಿಸುತ್ತೇನೆ. ತುಂಬಿದ ಪ್ರತಿ ಬ್ಯಾರೆಲ್ ಅಳತೆಗೆಂದೇ ಇರುವ ಸಣ್ಣ ಟ್ರಿಪ್ ಟ್ಯಾಂಕ್‌ನಲ್ಲಿ ಅಳೆದದ್ದಾಗಿರಬೇಕು, ಏಕೆಂದರೆ ಬಾವಿ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಆ ನೀರೇ ಹೇಳುತ್ತದೆ. 13⅜ ಇಂಚಿನ ಕೇಸಿಂಗ್ ಒಳಗೆ 5 ಇಂಚಿನ ಪೈಪಿದ್ದರೆ ಅಡಿಗೆ 0.125 ಬ್ಯಾರೆಲ್ ಹಿಡಿಯುತ್ತದೆ. 100 ಬ್ಯಾರೆಲ್ ನೀರಿಗೆ ಬಾವಿ ತುಂಬಿ ನಿಂತರೆ ಮೇಲಿನ 800 ಅಡಿ ನೀರು, ಕೆಳಗಿನ 7,200 ಅಡಿ ಮಡ್. ಒಟ್ಟು ಒತ್ತಡ ಸುಮಾರು 4,090 ಪಿಎಸ್‌ಐ, ಅಂದರೆ 9.83 ಪೌಂಡ್ ಮಡ್‌ಗೆ ಸಮ. ಅನಿಲದ ಪದರಕ್ಕೆ 9.6 ಸಾಕು ಎಂದಿದ್ದರೆ ಮಡ್ ತೂಕವನ್ನು 9.8ಕ್ಕೆ ಇಳಿಸಿಯೇ ಅರ್ಧ ಕೆಲಸ ಮುಗಿಸಬಹುದು. ಸಾಲದು ಎಂದರೆ ಮಟ್ಟ ಕುಸಿಯುತ್ತಿದ್ದಂತೆ ಮೇಲಿನ ಪದರದ ಅನಿಲ ಒಳನುಗ್ಗುತ್ತದೆ. ಮಡ್ ನಷ್ಟ ಬ್ಲೋಔಟ್‌ಗೆ, ಅಂದರೆ ಬಾವಿ ಹತೋಟಿ ತಪ್ಪಿ ಚಿಮ್ಮುವುದಕ್ಕೆ ದಾರಿಯಾಗುವುದು ಹೀಗೆ. ಬಾವಿಯ ಬಾಯಿ ಮುಚ್ಚುವ ವಾಲ್ವ್‌ಗಳ ಸಾಲು, ಬಿಒಪಿ ಕಡೆ ಒಂದು ಕಣ್ಣು ಇರಲೇಬೇಕು.

ಇನ್ನು ಸಾಮಾನು. ನಷ್ಟ ತಡೆಯಲು ಮಡ್‌ಗೆ ಹಾಕುವ ಈ ಸಾಮಾನೇ ಎಲ್‌ಸಿಎಂ, ಅದರಲ್ಲಿ ಮೂರು ಜಾತಿ: ಹರಳು, ಹಾಳೆ, ನಾರು. ಹರಳಿಗೆ ಸುಣ್ಣಕಲ್ಲಿನ ಪುಡಿ, ವಾಲ್‌ನಟ್ ಚಿಪ್ಪಿನ ನುಚ್ಚು, ಗ್ರಾಫೈಟ್. ಹಾಳೆಗೆ ಅಭ್ರಕ. ನಾರಿಗೆ ಮರದ ನಾರು. ಭತ್ತದ ಹೊಟ್ಟು, ಆಲೆಮನೆ ಅಂಗಳದಲ್ಲಿ ಒಣಗುವಂಥ ಕಬ್ಬಿನ ಸಿಪ್ಪೆ ಕೂಡ ಈ ಕೆಲಸಕ್ಕೆ ಬಳಕೆಯಾದವೇ. ಒಂದೇ ಜಾತಿ, ಒಂದೇ ಗಾತ್ರ ಹಾಕಿದರೆ ನಿಲ್ಲದು. ದೊಡ್ಡದು ಅಡ್ಡ ನಿಲ್ಲಬೇಕು, ಸಣ್ಣದು ಸಂದಿಗೆ ಕೂರಬೇಕು, ನಾರು ಹೆಣೆಯಬೇಕು. ಮರಳಿನ ರಂಧ್ರಕ್ಕೆ ಹಳೆಯ ನಿಯಮ: ಕಣದ ಸರಾಸರಿ ಗಾತ್ರ ರಂಧ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಬಿರುಕಿಗಾದರೆ ದೊಡ್ಡ ಕಣಗಳು ಬಿರುಕಿನ ಅಗಲಕ್ಕೆ ಸಮನಾಗಿರಬೇಕು. ತೀರಾ ದಪ್ಪವಾದರೆ ಬಿರುಕಿನ ಬಾಯಲ್ಲೇ ಕೂತು, ಪೈಪು ಉಜ್ಜಿದ ಕೂಡಲೇ ಉದುರುತ್ತದೆ. ಬದುವಿನ ಹೊರಗೆ ಮೆತ್ತಿದ ಮಣ್ಣಿನ ಗತಿಯೇ ಅದಕ್ಕೂ. ಎಣ್ಣೆ ಕೊಡುವ ಪದರದಲ್ಲಿ ಅಭ್ರಕ, ಚಿಪ್ಪು ಬೇಡ. ಸುಣ್ಣಕಲ್ಲಿನ ಪುಡಿಯಾದರೆ ಆಮೇಲೆ ಆಸಿಡ್ ಹಾಕಿ ಕರಗಿಸಬಹುದು.

ಭಾಗಶಃ ನಷ್ಟಕ್ಕೆ ನಾನು ಕಲಸುವ 50 ಬ್ಯಾರೆಲ್ ಪಿಲ್ (ಒಂದೇ ಜಾಗಕ್ಕೆ ಕಳಿಸುವ ಸಣ್ಣ ಮಿಶ್ರಣ), ಬ್ಯಾರೆಲ್‌ಗೆ 40 ಪೌಂಡ್ ಲೆಕ್ಕದಲ್ಲಿ: ಮಧ್ಯಮ ಸುಣ್ಣಕಲ್ಲು 340 ಕೆಜಿ, ದಪ್ಪ ಸುಣ್ಣಕಲ್ಲು 227, ಮಧ್ಯಮ ಚಿಪ್ಪು 159, ಗ್ರಾಫೈಟ್ 113, ನಾರು 68. ಒಟ್ಟು 907 ಕೆಜಿ, 25 ಕೆಜಿಯ ಸುಮಾರು 36 ಚೀಲ. ತಳದ ಮಡ್‌ಗೆ ಝಾಂಥನ್ ಗಮ್ ಬ್ಯಾರೆಲ್‌ಗೆ ಒಂದು ಪೌಂಡ್ ಸೇರಿಸಿ ಮಂದ ಮಾಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಚಿಪ್ಪು ಟ್ಯಾಂಕಿನ ತಳಕ್ಕೆ ಕೂರುತ್ತದೆ. ತೂಕ ಬಾವಿಯ ಮಡ್‌ಗೆ ಸಮ. ನಾರು ಕೊನೆಗೆ, ಹಾಪರ್‌ನಲ್ಲಿ ಬಿಡಿಸಿ ಬಿಡಿಸಿ. ಒಟ್ಟಿಗೆ ಸುರಿದರೆ ಉಂಡೆ ಕಟ್ಟುತ್ತದೆ.

ಪಂಪ್ ಮಾಡುವ ಮೊದಲು ಪಂಪ್‌ನ ಸಕ್ಷನ್ ಜಾಲರಿ, ಡ್ರಿಲ್ ಪೈಪಿನ ಜಾಲರಿ ಎರಡನ್ನೂ ತೆಗೆಯಿರಿ. ಇದನ್ನು ಮರೆತು ಪೈಪು ಕಟ್ಟಿಕೊಂಡರೆ ಇಡೀ ಸರವನ್ನು ಮಡ್ ತುಂಬಿದ ಹಾಗೇ ಮೇಲೆಳೆಯಬೇಕು. ಬಿಟ್ ನಾಜಲ್, ಎಂಡಬ್ಲ್ಯುಡಿ (ಕೊರೆಯುತ್ತಲೇ ಅಳೆಯುವ ಉಪಕರಣ) ಯಾವ ಗಾತ್ರ ತಡೆಯುತ್ತವೆ ಎಂದು ಕೇಳಿಕೊಳ್ಳಿ. ದಪ್ಪ ಸಾಮಾನಿಗೆ ಬಿಟ್‌ಗಿಂತ ಮೇಲೆ ಪಕ್ಕಕ್ಕೆ ದಾರಿ ಬಿಡುವ ಬೈಪಾಸ್ ಸಬ್ ಬೇಕು, ಇಲ್ಲವೇ ಬಾಯಿ ತೆರೆದ ಬರೀ ಪೈಪು ಬೇಕು.

ನಷ್ಟದ ಜಾಗ 6,600 ಅಡಿಯಲ್ಲಿದ್ದರೆ ಪೈಪಿನ ತುದಿ 6,500ಕ್ಕೆ ನಿಲ್ಲಿಸುತ್ತೇನೆ. 5 ಇಂಚಿನ ಪೈಪು ಅಡಿಗೆ 0.01776 ಬ್ಯಾರೆಲ್ ಹಿಡಿಯುವುದರಿಂದ ಒಳಗಿನ ಜಾಗ 115 ಬ್ಯಾರೆಲ್. 50 ಪಿಲ್, ಹಿಂದೆ 65 ಮಡ್ ಹೋದಾಗ ಪಿಲ್‌ನ ಮೊದಲ ಹನಿ ತುದಿಗೆ ಬರುತ್ತದೆ. ಹಿಂದಿನ ಮಡ್ 115 ಆದಾಗ ಕೊನೆಯ ಹನಿ. ರಂಧ್ರದಲ್ಲಿ ಅದು 400 ಅಡಿಗೂ ಹೆಚ್ಚು ಎತ್ತರ ನಿಲ್ಲಬಹುದು, ಹಾಗಾಗಿ ಹತ್ತು ಸ್ಟ್ಯಾಂಡ್ (ಜೋಡಿಸಿದ ಪೈಪಿನ ಉದ್ದ) ಮೇಲೆಳೆದುಕೊಂಡು ನಾಲ್ಕರಿಂದ ಎಂಟು ಗಂಟೆ ಕಾಯುವುದು. ಈ ಕಾಯುವಿಕೆಯಲ್ಲೇ ಅವಸರ ಮಾಡಿ ಹಾಳುಮಾಡಿಕೊಳ್ಳುವವರು ಹೆಚ್ಚು. ಮಟ್ಟ ನಿಂತರೆ ಬಿಒಪಿ ಮುಚ್ಚಿ, ನಿಮಿಷಕ್ಕೆ ಅರ್ಧ ಬ್ಯಾರೆಲ್‌ನಂತೆ ಮೆಲ್ಲಗೆ ಒತ್ತಿ 50 ಪಿಎಸ್‌ಐ ತಲುಪಿದಾಗ ನಿಲ್ಲಿಸಿ ನೋಡುವುದು. ಒತ್ತಡ ಇಳಿದರೆ ಮತ್ತೊಂದು ಸುತ್ತು. ಒಂದೇ ಏಟಿಗೆ ಜೋರಾಗಿ ಒತ್ತಿದರೆ ಇದ್ದ ಬಿರುಕು ಇನ್ನೂ ಬಾಯಿ ತೆರೆಯುತ್ತದೆ.

ಎರಡು ಪಿಲ್ ಹೋದರೂ ಬದಲಾವಣೆ ಇಲ್ಲದಿದ್ದರೆ ಮೂರನೆಯದಕ್ಕೆ ಅದೇ ಮಿಶ್ರಣ ಹಾಕುವುದಿಲ್ಲ. ಗಂಕ್ ಸ್ಕ್ವೀಜ್‌ಗೆ ಹೋಗುತ್ತೇನೆ: ಒಂದು ಬ್ಯಾರೆಲ್ ಡೀಸೆಲ್‌ಗೆ ಸುಮಾರು 300 ಪೌಂಡ್ ಬೆಂಟೊನೈಟ್. ಡೀಸೆಲ್‌ನಲ್ಲಿ ಜೇಡಿ ಉಬ್ಬುವುದಿಲ್ಲ. ಕೆಳಗೆ ನೀರಿನ ಮಡ್ ಸೋಕಿದ ಕ್ಷಣ ಗಟ್ಟಿ ಮುದ್ದೆಯಾಗುತ್ತದೆ. ಮುಂದೆ ಹಿಂದೆ ಶುದ್ಧ ಡೀಸೆಲ್ ಬಿಡದಿದ್ದರೆ, ಟ್ಯಾಂಕ್ ಅಥವಾ ಲೈನಿನಲ್ಲಿ ನೀರಿನ ಪಸೆ ಉಳಿದಿದ್ದರೆ, ಆ ಮುದ್ದೆ ಪೈಪಿನೊಳಗೇ ಆಗುತ್ತದೆ. ಪೊಟರೆಗೆ ಇದೂ ನಿಲ್ಲದು. ಅಲ್ಲಿ ಸಿಮೆಂಟ್, ಅಥವಾ ಅನಿಲವಿಲ್ಲ ಎಂಬ ಖಾತ್ರಿಯಿದ್ದರೆ ರಿಟರ್ನ್ ಇಲ್ಲದೆ ನೀರಿನಲ್ಲೇ ಕೊರೆದು ದಾಟಿ ಕೇಸಿಂಗ್ ಇಳಿಸುವುದು.

ಪಂಪ್ ನಿಲ್ಲಿಸಿದಾಗ ಹೋದ ಮಡ್ ವಾಪಸ್ ಬರುವುದೂ ಉಂಟು. ಬಿರುಕು ಉಸಿರಾಡುತ್ತದೆ. ಇದನ್ನು ಕಿಕ್ (ಪದರದ ಅನಿಲ, ದ್ರವ ಬಾವಿಗೆ ನುಗ್ಗುವುದು) ಎಂದುಕೊಂಡು ಮಡ್ ತೂಕ ಏರಿಸಿದರೆ ನಷ್ಟ ದುಪ್ಪಟ್ಟು. ಹಾಗಾಗಿ ಹೊಸ ಪೈಪು ಜೋಡಿಸಲು ಪಂಪ್ ನಿಲ್ಲಿಸುವ ಪ್ರತಿ ಕನೆಕ್ಷನ್‌ಗೂ ನಿಮಿಷಕ್ಕೆ ಎಷ್ಟು ಬಂತು ಎಂದು ಬರೆದಿಡುತ್ತೇನೆ. ಉಸಿರಾಟವಾದರೆ ಹರಿವು ನಿಮಿಷದಿಂದ ನಿಮಿಷಕ್ಕೆ ಇಳಿಯುತ್ತದೆ, ಹಿಂದಿನ ಕನೆಕ್ಷನ್ನಿನ ಗೆರೆಯನ್ನೇ ಹೋಲುತ್ತದೆ. ಇಳಿಯದೆ ಏರಿದರೆ, ಅನುಮಾನವಿದ್ದರೂ ಸರಿ, ಮೊದಲು ಬಾವಿ ಮುಚ್ಚುವುದು.

ಸೀಲ್ ನಿಂತ ಮೇಲೆ ಪಂಪ್ ಚಾಲೂ ಮಾಡುವ ಮೊದಲು ಪೈಪು ತಿರುಗಿಸಿ ಮಡ್‌ನ ಹೆಪ್ಪು ಮುರಿಯಬೇಕು, ಪಂಪ್ ವೇಗವನ್ನು ಹಂತ ಹಂತವಾಗಿ ಏರಿಸಬೇಕು. ಸುಮಾರು 90 ಅಡಿಯ ಒಂದು ಸ್ಟ್ಯಾಂಡ್ ಇಳಿಸಲು ನಾನು ಎರಡು ನಿಮಿಷ ಕೇಳುತ್ತೇನೆ. ಶೇಕರ್‌ಗೆ ಕೆಲಕಾಲ ದಪ್ಪ ಜಾಲರಿ ಹಾಕಬೇಕು. ಸಣ್ಣ ಜಾಲರಿ ಇದ್ದರೆ ನಾವು ಹಾಕಿದ ಚಿಪ್ಪು, ನಾರೆಲ್ಲ ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದು, ಮುಂದಿನ ಹೊಸ ಬಿರುಕಿಗೆ ಮಡ್‌ನಲ್ಲಿ ಏನೂ ಉಳಿದಿರುವುದಿಲ್ಲ.