ಮಳೆಗಾಲದ ಕೊಡಗಿನಲ್ಲಿ ಇ-ಸಂಜೀವಿನಿ ಬಳಸುವ ಕ್ರಮ

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ ಸುತ್ತಲಿನ ರಸ್ತೆಗಳು ಕಡಿದುಹೋದಂತಹ, ಅಥವಾ 2020ರ ಲಾಕ್‌ಡೌನ್‌ನಂತಹ ಸಂದರ್ಭದಲ್ಲಿ ಮಧುಮೇಹ, ರಕ್ತದೊತ್ತಡ ಇರುವವರಿಗೆ ನಿತ್ಯದ ಮಾತ್ರೆ ತಪ್ಪುವುದೇ ದೊಡ್ಡ ಅಪಾಯ. ಆದ್ದರಿಂದ ಮುಂಗಾರಿಗೆ ಮೊದಲೇ ಮನೆಯಿಂದಲೇ ವಿಡಿಯೊ ಕರೆಯಲ್ಲಿ ವೈದ್ಯರ ಸಲಹೆ ಪಡೆಯಲು ನೆರವಾಗುವ, ಕೇಂದ್ರ ಸರ್ಕಾರದ ಉಚಿತ ಇ-ಸಂಜೀವಿನಿ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು, ಒಟಿಪಿ ಮೂಲಕ ನೋಂದಾಯಿಸಿಕೊಳ್ಳಿ.

ಕರೆಗೆ ಮುನ್ನ ಹಳೆಯ ಔಷಧಿ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇತ್ತೀಚಿನ ಸಕ್ಕರೆ ಹಾಗೂ ರಕ್ತದೊತ್ತಡದ ಅಳತೆಗಳನ್ನು ಹತ್ತಿರ ಇಟ್ಟುಕೊಳ್ಳಿ. ರೋಗಿಯನ್ನು ಮುಟ್ಟಿ ನೋಡಲಾಗದ ವೈದ್ಯರಿಗೆ ಈ ವಿವರಗಳೇ ಆಧಾರ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಮಾಲೋಚನೆ ಮುಗಿದ ಮೇಲೆ ಔಷಧಿ ಚೀಟಿ ಮೊಬೈಲಿಗೇ ಬರುತ್ತದೆ. ಆದರೆ 2020ರ ಮಾರ್ಚಿನ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯಕೀಯ ಸಲಹೆ) ಮಾರ್ಗಸೂಚಿಯಂತೆ ಮಾದಕ ವರ್ಗದ ಔಷಧಿಗಳನ್ನು ಹೀಗೆ ಬರೆದುಕೊಡುವಂತಿಲ್ಲ.

ತೋಟದಲ್ಲಿ ಸಿಗ್ನಲ್ ಸಿಗುವ ಜಾಗವನ್ನು ಮೊದಲೇ ಗುರುತಿಸಿ, ಪವರ್ ಬ್ಯಾಂಕ್ ತುಂಬಿಸಿಡಿ. ಲೈನ್‌ಮನೆಯ (ತೋಟದ ಸಾಲುಮನೆಗಳ) ಕಾರ್ಮಿಕರಲ್ಲಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯ ಮೂಲಕವೇ ವೈದ್ಯರೊಡನೆ ಮಾತನಾಡಬಹುದೆಂದು ತೋಟದ ಮಾಲೀಕರು ಅವರಿಗೆ ತಿಳಿಸಬೇಕು. ಮನಸ್ಸಿನ ಕಳವಳಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ.

ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತಗಳಲ್ಲಿ ವಿಡಿಯೊ ಕರೆಗೆ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.